ಎರಡು ಮಂತ್ರ ಪುಕ್ಕಟೆ

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ 2014ರ ನಿಯಮದಲ್ಲಿ ಮಾಂತ್ರಿಕ ಒಂದೊಂದು ಮಟ್ಟ ಏರಿದಾಗಲೂ ಎರಡು ಹೊಸ ಮಂತ್ರ ಪುಕ್ಕಟೆ ಸಿಗುತ್ತವೆ. ಸ್ವಂತ ಸಂಶೋಧನೆಯ ಫಲವಂತೆ. ಆದರೆ ಆ ಸಂಶೋಧನೆ ಆಟದಲ್ಲಿ ಕಾಣೋದೇ ಇಲ್ಲ. ರಾಕ್ಷಸನನ್ನು ಕೊಂದು ಮಲಗಿ ಎದ್ದರೆ ವಿದ್ಯೆ ಬಂದಿರುತ್ತೆ! ನನಗಿದು ಹಿಡಿಸಲ್ಲ.

ಅದೇ ಪುಸ್ತಕದಲ್ಲಿ ಇನ್ನೊಂದು ದಾರಿ ಇದೆ. ಬೇರೆಯವರ ಮಂತ್ರಪುಸ್ತಕ ಸಿಕ್ಕರೆ ನಕಲು ಮಾಡಿಕೊಳ್ಳಬಹುದು. ಮಂತ್ರದ ಪ್ರತಿ ಮಟ್ಟಕ್ಕೆ ಎರಡು ಗಂಟೆ, 50 ಚಿನ್ನದ ನಾಣ್ಯ. ಮೂರನೇ ಮಟ್ಟದ ಫೈರ್‌ಬಾಲ್‌ಗೆ ಆರು ಗಂಟೆ, 150 ನಾಣ್ಯ. ಯಾಕೆಂದರೆ ಬರೆದವನ ಗುರುತುಗಳನ್ನು ಬಿಡಿಸಿ, ಅಭ್ಯಾಸ ಮಾಡಿ, ಆಮೇಲೆ ತನ್ನ ಗುರುತಿನಲ್ಲಿ ಬರೆದುಕೊಳ್ಳಬೇಕು. ಕೆಲಸ ಬಿಟ್ಟುಹೋದವರ ಕೋಡ್ ಓದುವ ನಮಗೆ ಇದು ಗೊತ್ತಿರೋ ಕಷ್ಟವೇ. ಕಲಿಯೋದು ಅಂದ್ರೆ ಇದು.

ನಮ್ಮಜ್ಜ ಊರಲ್ಲಿ ನಾಟಿ ಔಷಧಿ ಕೊಡ್ತಿದ್ದರು. ಅವರ ನೋಟ್‌ಬುಕ್ ಈಗ ನನ್ನ ಹತ್ತಿರ ಇದೆ. ಎಲೆಗೊಂದು ಗೀಟು, ಅಳತೆಗೊಂದು ಚುಕ್ಕಿ, ಅರ್ಧಕ್ಕರ್ಧ ಅರ್ಥವಾಗಲ್ಲ. ಅವರಿದ್ದಾಗ ಪಕ್ಕದಲ್ಲಿ ಕೂತು ಬರೆದುಕೊಳ್ಳಲಿಲ್ಲ, ಬಿ.ಇ. ಮುಗಿಸೋ ಅವಸರ. ಮಟ್ಟ ಏರಿದೆ, ಆ ವಿದ್ಯೆ ಮಾತ್ರ ಪುಕ್ಕಟೆ ಬರಲಿಲ್ಲ.

ಹಾಗಾಗಿ ನಾನು ಆಟ ನಡೆಸುವ ದಿನ ಪುಕ್ಕಟೆ ಮಂತ್ರ ಇಲ್ಲ. ಗೆಳೆಯರು ಗೊಣಗ್ತಾರೆ. ಗೊಣಗಲಿ. ಪುಸ್ತಕ ಹುಡುಕಿ, ಕೂತು ಬರೆದುಕೊಳ್ಳಿ.