ಹೆಸರಿಲ್ಲದ ಜ್ವರ, ಅಹಮದ್ ಬ್ಯಾರಿಯ ಗಾಡಿ

ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’ (1965) ಕಾದಂಬರಿಯನ್ನು ಬ್ರಾಹ್ಮಣ್ಯದ ವಿಮರ್ಶೆ ಎಂದೇ ನಾವೆಲ್ಲ ಓದಿಕೊಂಡು ಬಂದಿದ್ದೇವೆ. ಈಚೆಗೆ ಮತ್ತೆ ಕೈಗೆತ್ತಿಕೊಂಡಾಗ ನನಗೆ ಅದು ಹೆಸರು ಗೊತ್ತಿಲ್ಲದ ಒಂದು ಜ್ವರದ ಕತೆಯಾಗಿ ಕಂಡಿತು. ಹಾಗೆ ಕಾಣಲು ಕಾರಣವಿದೆ. ಎರಡು ವರ್ಷಗಳಿಂದ ನನ್ನ ಹೆಂಡತಿಯ ಕೀಲುನೋವಿಗೆ ಯಾವ ವೈದ್ಯರೂ ಖಚಿತವಾದ ಹೆಸರು ಹೇಳಿಲ್ಲ. ತಾಳಗುಪ್ಪದಲ್ಲಿ ರಾತ್ರಿಯ ರೈಲು ಹತ್ತಿ ಬೆಂಗಳೂರಿಗೆ ಹೋಗುತ್ತೇವೆ. ಎಕ್ಸ್‌ರೇ ಚೀಲ ದಪ್ಪವಾಗಿದೆ, ಉತ್ತರ ಸಿಕ್ಕಿಲ್ಲ.

ನಾರಣಪ್ಪ ಶಿವಮೊಗ್ಗದಿಂದ ಜ್ವರ ಹೊತ್ತು ಬಂದು ಸಾಯುತ್ತಾನೆ. ಇಲಿಗಳು ಸಾಯುತ್ತವೆ, ಹದ್ದುಗಳು ಮಾಡಿನ ಮೇಲೆ ಬಂದು ಕೂರುತ್ತವೆ. ಅಗ್ರಹಾರದವರು ಜಾಗಟೆ ಬಾರಿಸಿ ಹದ್ದುಗಳನ್ನು ಓಡಿಸುತ್ತಾರೆಯೇ ಹೊರತು ಈತ ಯಾವ ರೋಗದಿಂದ ಸತ್ತ ಎಂದು ವಿಚಾರಿಸುವುದಿಲ್ಲ. ಹೆಣ ಸುಡುವವರು ಯಾರು ಎಂಬುದೊಂದೇ ಅವರ ಪ್ರಶ್ನೆ. ಪಾರಿಜಾತಪುರದ ಮಂಜಯ್ಯ ಪತ್ರಿಕೆ ಓದಿದ ಮೇಲಷ್ಟೇ ಪ್ಲೇಗ್ ಎಂಬ ಮಾತು ಬರುತ್ತದೆ. ರೋಗಕ್ಕೆ ಹೆಸರಿಲ್ಲದಿದ್ದರೆ ಜನ ಕೂಡಲೇ ಪಾಪದ ಹೆಸರಿಡುತ್ತಾರೆ ಎಂಬುದನ್ನು ಅನಂತಮೂರ್ತಿ ಚೆನ್ನಾಗಿ ಬಲ್ಲವರು. ನಮ್ಮ ಮನೆಗೆ ಬಂದವರೂ ನಜರ್ ಎಂದರು, ಜಿನ್ ಎಂದರು, ಬೆನ್ನಹಿಂದೆ ನಟನೆ ಎಂದರು. ಅಗ್ರಹಾರವನ್ನು ನೋಡಿ ನಗುವ ಅಧಿಕಾರ ನಮಗಿಲ್ಲ.

ಕಾದಂಬರಿಯ ಕೊರತೆ ಇರುವುದು ಕೇರಿಯ ವಿಷಯದಲ್ಲಿ. ಅಲ್ಲಿಯೂ ಜ್ವರದಿಂದ ಜನ ಸಾಯುತ್ತಾರೆ, ಹೆಣದೊಂದಿಗೆ ಗುಡಿಸಲು ಉರಿಯುತ್ತದೆ. ಕತೆ ಮಾತ್ರ ಪ್ರಾಣೇಶಾಚಾರ್ಯರ ಹಿಂದೆ ಹೊರಟುಹೋಗುತ್ತದೆ. ಆಚಾರ್ಯರ ಸಂಶಯಕ್ಕೆ ಸಿಕ್ಕಷ್ಟು ಪುಟಗಳು ಕೇರಿಯ ಜ್ವರಕ್ಕೆ ಸಿಗಲಿಲ್ಲ.

ಈ ಮಾತು ನಮ್ಮ ಸೀಮೆಯವರಿಗೆ ಬೇಗ ತಟ್ಟಬೇಕು. 1970ರ ದಶಕದ ನಡುಭಾಗದಲ್ಲಿ ಸಾಗರದ ಬಳಿಯ ಹಂದಿಗೋಡಿನಲ್ಲಿ ದಲಿತ ಕುಟುಂಬಗಳ ಜನ ಸೊಂಟ, ಮೊಣಕಾಲು ನೋವಿನಿಂದ ನಡೆಯಲಾರದೆ ಹೋದರು. ಕೀಟನಾಶಕ ಹೊಡೆದ ಗದ್ದೆಯ ಏಡಿ ತಿಂದದ್ದು ಕಾರಣವಿರಬಹುದೆಂದು ಮೊದಲು ಶಂಕಿಸಿದರು. ಮುಂದೆ, ವಂಶಪಾರಂಪರ್ಯವಾಗಿ ಬರುವ ಎಲುಬಿನ ಕಾಯಿಲೆ ಎಂದರು. ಊರಿನ ಹೆಸರೇ ಕಾಯಿಲೆಯ ಹೆಸರಾಯಿತು; ಗುಣಪಡಿಸುವ ಮದ್ದು ಬರಲಿಲ್ಲ. ಸೊರಬದ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಿದ ಮಂಗನ ಕಾಯಿಲೆಗೆ ಹೆಸರೂ ಇತ್ತು, ಕಾರಣವೂ ಗೊತ್ತಿತ್ತು. ಆದರೂ 2019ರಲ್ಲಿ ಸಾಗರ ತಾಲೂಕಿನ ಅರಳಗೋಡಿನಲ್ಲಿ ಜನ ಅದರಿಂದಲೇ ಸತ್ತರು. ಹೆಸರು ಬೇಕು ನಿಜ, ಆದರೆ ಹೆಸರೊಂದೇ ಯಾರನ್ನೂ ಉಳಿಸುವುದಿಲ್ಲ.

ಇಡೀ ಕಾದಂಬರಿಯಲ್ಲಿ ಮುಸಲ್ಮಾನನಿಗೆ ಸಿಕ್ಕಿದ್ದು ಒಂದು ರಾತ್ರಿಯ ಕೆಲಸ ಎಂದು ಹಿಂದೆ ನನಗೆ ತಕರಾರಿತ್ತು. ಆ ತಕರಾರು ಈಗಲೂ ಪೂರ್ತಿ ಹೋಗಿಲ್ಲ. ಆದರೆ ಮೀನು ಮಾರುವ ಅಹಮದ್ ಬ್ಯಾರಿ ಮಾಡಿದ ಆ ಒಂದು ಕೆಲಸ ಈಗ ಬೇರೆಯಾಗಿ ಕಾಣುತ್ತದೆ. ಎತ್ತು ಕೊಳ್ಳಲು ಸಾಲ ಕೊಟ್ಟಿದ್ದ ನಾರಣಪ್ಪನ ಋಣ ನೆನೆದು, ಅವನು ಚಂದ್ರಿಯ ಜೊತೆ ಗಾಡಿ ಕಟ್ಟಿಕೊಂಡು ಬಂದು ಹೆಣ ಸಾಗಿಸಿ ಸುಟ್ಟುಹೋಗುತ್ತಾನೆ. ರೋಗ ಯಾವುದೆಂದು ಅವನಿಗೂ ಗೊತ್ತಿಲ್ಲ. ಗೊತ್ತಾಗಲಿ ಎಂದು ಅವನು ಕಾಯಲಿಲ್ಲ.

ರೋಗಿಯನ್ನು ಕಂಡು ಬರುವುದನ್ನು ನಮ್ಮಲ್ಲಿ ಇಯಾದತ್ ಎನ್ನುತ್ತಾರೆ. ರೋಗದ ಹೆಸರು ತಿಳಿದಿರಬೇಕೆಂಬ ಷರತ್ತು ಅದಕ್ಕಿಲ್ಲ. ಬಂದವರು ಸಬ್ರ್ ಮಾಡಿ ಎಂದು ಹೇಳಿ ಹೊರಡುತ್ತಾರೆ. ಸಬ್ರ್ ರೋಗಿಗೊಬ್ಬಳಿಗೇ ವಿಧಿಸಿದ್ದೆಂಬಂತೆ. ಕಾರಣದ ಹುಡುಕಾಟ ನಿಲ್ಲಬಾರದು, ಮುಂದಿನ ತಿಂಗಳು ನಾವು ಮತ್ತೆ ರೈಲು ಹತ್ತುತ್ತೇವೆ. ಆದರೆ ಅಲ್ಲಿಯವರೆಗೆ ಆಕೆಗೆ ನೋವಿದೆ ಎಂಬುದನ್ನು ನಂಬಲು ಯಾವ ವರದಿಯೂ ಬೇಕಾಗಿಲ್ಲ.