ಸಿಗಡಿಯ ಪ್ರಶ್ನೆ, ತೆರೆಯ ಉತ್ತರ

ಮಕ್ಕಳು ಮತ್ತು ಮೊಬೈಲಿನ ಕುರಿತ ಚರ್ಚೆ ಬಹುಮಟ್ಟಿಗೆ ಗಡಿಯಾರದ ಚರ್ಚೆಯಾಗಿದೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೊರಡಿಸಿದ ಮಾರ್ಗಸೂಚಿಯು ಎರಡು ವರ್ಷ ತುಂಬದ ಮಕ್ಕಳಿಗೆ ತೆರೆಯ ವೀಕ್ಷಣೆ ಬೇಡವೆಂದೂ, ಎರಡರಿಂದ ನಾಲ್ಕು ವರ್ಷದವರಿಗೆ ಅದು ದಿನಕ್ಕೆ ಒಂದು ಗಂಟೆ ಮೀರಬಾರದೆಂದೂ ಹೇಳಿತು. ಆರೋಗ್ಯದ ದೃಷ್ಟಿಯಿಂದ ಇದು ಸರಿ. ಆದರೆ ಆ ಒಂದು ಗಂಟೆ ಯಾವ ಭಾಷೆಯದು, ಆ ಹೊತ್ತಿನಲ್ಲಿ ಮಗುವಿಗೆ ಮಾತಾಡುವ ಸರದಿ ಬರುತ್ತದೆಯೇ ಎಂಬುದನ್ನು ಗಡಿಯಾರ ಅಳೆಯಲಾರದು. ಬೀದಿಯಲ್ಲಿ, ಅಂಗಡಿಯಲ್ಲಿ ಬೇರೆ ಭಾಷೆ, ಮನೆಯೊಳಗೆ ಮಾತ್ರ ಕನ್ನಡ ಎಂಬ ಸ್ಥಿತಿಯಲ್ಲಿ ಬೆಳೆಯುವ ಗಡಿನಾಡಿನ ಮಗುವಿನ ಮಟ್ಟಿಗೆ ಇದೇ ಮುಖ್ಯ ಪ್ರಶ್ನೆ. ಕರಾವಳಿಯಲ್ಲಿ ಸಿಗಡಿಯಾಗಿ, ತೆಲುಗು ನಾಡಿನಲ್ಲಿ ಮೀನಾಗಿ ಬದುಕಿರುವ ಒಂದು ಕಥೆಯ ಮೂಲಕ ಇದನ್ನು ಪರಿಶೀಲಿಸಬಹುದು.

ಪಂಜೆ ಮಂಗೇಶರಾಯರ (1874–1937) ‘ಸಿಗಡಿ ಯಾಕೆ ಒಣಗಲಿಲ್ಲ?’ ಕಥೆಯ ಶೀರ್ಷಿಕೆಯೇ ಒಂದು ಪ್ರಶ್ನೆ. ಬಂಟ್ವಾಳದಲ್ಲಿ ಹುಟ್ಟಿ ಅಧ್ಯಾಪಕರಾಗಿ, ಶಾಲಾ ಇನ್‌ಸ್ಪೆಕ್ಟರರಾಗಿ ದುಡಿದ ಪಂಜೆಯವರ ಕಾಲಕ್ಕೆ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯದೇ ಒಂದು ತಾಲೂಕು. ಅದು ಕೇರಳಕ್ಕೆ ಸೇರಿದ್ದು 1956ರ ನವೆಂಬರ್ 1ರಂದು. ಪಂಜೆಯವರು 1934ರಲ್ಲಿ ಅಧ್ಯಕ್ಷತೆ ವಹಿಸಿದ ಸಾಹಿತ್ಯ ಸಮ್ಮೇಳನವೂ ನಿಜಾಮರ ಆಳ್ವಿಕೆಯಲ್ಲಿದ್ದ ರಾಯಚೂರಿನಲ್ಲಿ ನಡೆಯಿತು. ಅವರ ಬಾಲಸಾಹಿತ್ಯ ಇಂದಿನ ಗಡಿರೇಖೆಗಳಿಗಿಂತ ಹಳೆಯದು. ಕನ್ನಡದ ಸಿಗಡಿ, ತುಳುವಿನ ಎಟ್ಟಿ, ಮಲಯಾಳದ ಚೆಮ್ಮೀನು ಮೂರೂ ಒಂದೇ ಅಂಗಳದಲ್ಲಿ ಒಣಗುವ ಊರುಗಳಲ್ಲಿ ಈ ಶೀರ್ಷಿಕೆಗೆ ಟಿಪ್ಪಣಿ ಬೇಕಿಲ್ಲ.

ಇತ್ತ ಆದವಾನಿ, ರಾಯದುರ್ಗ, ಮಡಕಶಿರಾ ಕಡೆಯ ಕನ್ನಡ ಮಗು ಇದೇ ಪ್ರಶ್ನೆಯನ್ನು ತೆಲುಗಿನಲ್ಲಿ ಕೇಳುವ ಸಂಭವವೇ ಹೆಚ್ಚು. ರಾಜನ ಏಳು ಮಕ್ಕಳು ಬೇಟೆಗೆ ಹೋಗಿ ಏಳು ಮೀನು ತಂದರು. ಒಣಹಾಕಿದಾಗ ಒಂದು ಮೀನು ಮಾತ್ರ ಒಣಗಲಿಲ್ಲ. ಯಾಕೆಂದು ಕೇಳಿದರೆ ಮೀನು ಹುಲ್ಲಿನ ಮೆದೆಯನ್ನು ತೋರಿಸುತ್ತದೆ, ಮೆದೆ ಹಸುವನ್ನು, ಹಸು ದನಗಾಹಿಯನ್ನು. ದನಗಾಹಿಗೆ ಅವ್ವ ಅನ್ನವಿಕ್ಕಿಲ್ಲ. ಅವ್ವನಿಗೆ ಅಳುವ ಮಗುವಿನ ಚಿಂತೆ. ಮಗುವಿಗೆ ಇರುವೆ ಕಚ್ಚಿದೆ. ತನ್ನ ಬಂಗಾರದ ಗೂಡಿಗೆ ಬೆರಳಿಟ್ಟರೆ ಕಚ್ಚದೆ ಬಿಡುವುದೇ ಎಂದು ಇರುವೆ ಕೇಳುವಲ್ಲಿಗೆ ಕಥೆ ಮುಗಿಯುತ್ತದೆ. ಆರ್ನೆ–ಥಾಂಪ್ಸನ್ ವರ್ಗೀಕರಣವು 2000ದಿಂದ ಮುಂದಿನ ಅಂಕಗಳಲ್ಲಿ ಜೋಡಿಸುವ ಸರಪಳಿ ಕಥೆಗಳ ಬಳಗಕ್ಕೆ ಇದು ಸೇರುತ್ತದೆ.

ಈ ಕಥೆಗೆ ವೇದಾಂತದ ಅರ್ಥ ಕಟ್ಟಿದ ಹಿರಿಯರೂ ಇದ್ದಾರೆ. ಆದರೆ ಅದರ ಬಲವಿರುವುದು ವ್ಯಾಕರಣದಲ್ಲಿ. ಒಂದೇ ‘ಯಾಕೆ’ ಪ್ರತಿ ಸಲವೂ ಹೊಸ ಸಂಬೋಧನೆಯೊಡನೆ ಮರಳುತ್ತದೆ. ಹಲವು ಉತ್ತರಗಳು ನಿಷೇಧ ಕ್ರಿಯಾಪದಗಳು: ಮೇಯಲಿಲ್ಲ, ಬಿಡಲಿಲ್ಲ, ಇಕ್ಕಲಿಲ್ಲ. ಎರಡು ಸಲ ಕೇಳಿದ ಮಗು ಮೂರನೆಯ ಸಲ ಪ್ರಶ್ನೆಯನ್ನು ತಾನೇ ಎತ್ತಿಕೊಳ್ಳುತ್ತದೆ. ಸರಪಳಿಯ ಕೊನೆಯ ಕೊಂಡಿಯೂ ಮಗುವಿನ ಬೆರಳೇ. ಅರಮನೆಯ ಅಂಗಳದಲ್ಲಿ ಮೀನು ಒಣಗದಿರಲು ತನ್ನಷ್ಟೇ ಪುಟ್ಟದೊಂದು ಬೆರಳು ಕಾರಣವೆಂದು ತಿಳಿಯುವುದು ಕೇಳುವ ಮಗುವಿಗೆ ಸಣ್ಣ ಸಂಗತಿಯಲ್ಲ. ಹೇಳುವವರು ಕಂಡುಕೊಳ್ಳಬೇಕಾದದ್ದು ಇಷ್ಟೇ: ಪ್ರಶ್ನೆಗೂ ಉತ್ತರಕ್ಕೂ ನಡುವೆ ಒಂದು ಕ್ಷಣ ಕಾಯುವುದು.

ಯೂಟ್ಯೂಬಿನ ಅನಿಮೇಷನ್ ರೂಪಗಳು ಸಾಮಾನ್ಯವಾಗಿ ಕಳೆದುಕೊಳ್ಳುವುದು ಈ ಕ್ಷಣವನ್ನು. ಚಿತ್ರದಲ್ಲಿ ಹುಲ್ಲಿನ ಮೆದೆ ಮೊದಲೇ ಕಾಣಿಸಿಕೊಂಡು ಉತ್ತರವನ್ನು ಬಿಟ್ಟುಕೊಡುತ್ತದೆ. ನಿರೂಪಕಿಯೇ ಕೇಳಿ ನಿರೂಪಕಿಯೇ ಹೇಳುತ್ತಾಳೆ. ಹಿನ್ನೆಲೆ ಸಂಗೀತ ಮೌನಕ್ಕೆ ಎಡೆಗೊಡುವುದಿಲ್ಲ. ಇರುವೆ ಕಚ್ಚುವ ಹೊತ್ತಿಗೆ ಮುಂದಿನ ವಿಡಿಯೋ ಸಿದ್ಧವಾಗಿರುತ್ತದೆ. ಗೂಡಿಗೆ ಹೋಗಬೇಕಿದ್ದ ಬೆರಳು ಗಾಜಿನ ಮೇಲೆ ಜಾರುತ್ತದೆ, ಗಾಜು ಕಚ್ಚುವುದಿಲ್ಲ. ಹೀಗೆ ಸಂವಾದವಾಗಿದ್ದ ಕಥೆ ಮಾಹಿತಿಯಾಗುತ್ತದೆ.

ಕಾಯುವಿಕೆ ಭಾಷೆಯ ಕಲಿಕೆಗೆ ಎಷ್ಟು ಅಗತ್ಯವೆಂಬುದಕ್ಕೆ ಎರಡು ಪ್ರಯೋಗಗಳು ನೆರವಾಗುತ್ತವೆ. ಪೆಟ್ರೀಷಿಯಾ ಕುಲ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂಬತ್ತು ತಿಂಗಳ ಅಮೆರಿಕನ್ ಶಿಶುಗಳು ಎದುರಿಗೆ ಕುಳಿತವರಿಂದ 12 ಭೇಟಿಗಳಲ್ಲಿ ಮ್ಯಾಂಡರಿನ್ ಧ್ವನಿಭೇದವನ್ನು ಗ್ರಹಿಸಿದವು. ಅದೇ ಮಾತನ್ನು ತೆರೆಯ ಮೇಲೆ ನೋಡಿದವು ಗ್ರಹಿಸಲಿಲ್ಲ. 2014ರಲ್ಲಿ ಸಾರಾ ರೋಸ್‌ಬೆರಿ, ಕ್ಯಾಥಿ ಹರ್ಷ್‌-ಪಾಸೆಕ್ ಮತ್ತು ರಾಬರ್ಟಾ ಗೋಲಿಂಕಾಫ್ ಇನ್ನೊಂದು ಎಳೆಯನ್ನು ಸೇರಿಸಿದರು: ಎರಡು ವರ್ಷದ ಆಸುಪಾಸಿನ ಮಕ್ಕಳು ವಿಡಿಯೋ ಕರೆಯಲ್ಲಿ ಸ್ಪಂದಿಸುವ ವ್ಯಕ್ತಿಯಿಂದ ಹೊಸ ಕ್ರಿಯಾಪದಗಳನ್ನು ಕಲಿತರು, ಮುದ್ರಿತ ವಿಡಿಯೋದಿಂದ ಕಲಿಯಲಿಲ್ಲ. ಈ ಪ್ರಯೋಗಗಳು ಜನಪದ ಕಥೆಯನ್ನು ಕುರಿತವಲ್ಲ. ಗಡಿನಾಡಿನ ಬಹುಭಾಷಿಕ ಮಗುವಿಗೆ ಅವನ್ನು ನೇರವಾಗಿ ಅನ್ವಯಿಸುವುದೂ ಸಲ್ಲದು. ಆದರೂ ಒಂದು ಮಾತು ಸ್ಪಷ್ಟ: ನಿರ್ಣಾಯಕವಾದದ್ದು ಗಾಜಲ್ಲ, ಗಾಜಿನ ಆಚೆ ಉತ್ತರಕ್ಕಾಗಿ ಕಾಯುವವರು ಇದ್ದಾರೆಯೇ ಎಂಬುದು.

ಹೀಗಾಗಿ ಮೊಬೈಲನ್ನು ಭಾಷೆಯ ಶತ್ರುವೆಂದು ಕರೆಯುವುದು ಅವಸರದ ತೀರ್ಮಾನ. ಗಲ್ಫಿನಲ್ಲಿರುವ ಮೊಮ್ಮಗುವಿಗೆ ಕುಂಬಳೆಯ ಅಜ್ಜಿ ವಿಡಿಯೋ ಕರೆಯಲ್ಲಿ ಸಿಗಡಿಯ ಕಥೆ ಹೇಳಿದರೆ ಆ ತೆರೆ ಮಡಿಲಿನ ಕೆಲಸವನ್ನೇ ಮಾಡುತ್ತದೆ. ತೆಲುಗಿನ ಮೀನೂ ಕನ್ನಡದ ಸಿಗಡಿಯ ಎದುರಾಳಿಯಲ್ಲ; ಎರಡನ್ನೂ ಬಲ್ಲ ಮಗುವಿಗೆ ಒಂದು ಕಥೆ ಹೆಚ್ಚು. ಆತಂಕಕ್ಕೆ ಕಾರಣ ಬೇರೆ. ಬೀದಿ ಮತ್ತು ತೆರೆ ಎರಡೂ ಒಂದೇ ಭಾಷೆಯನ್ನು ನುಡಿಯುವಲ್ಲಿ ಕನ್ನಡಕ್ಕೆ ಉಳಿಯುವುದು ಮನೆಯವರು ಮಗುವಿನೊಡನೆ ಕಳೆಯುವ ಹೊತ್ತು ಮಾತ್ರ. ಆ ಹೊತ್ತನ್ನೂ ತೆರೆಗೆ ಒಪ್ಪಿಸಿದರೆ ಹೋಗುವುದು ಮನರಂಜನೆಯ ಒಂದು ಗಂಟೆಯಲ್ಲ, ಕನ್ನಡದಲ್ಲಿ ‘ಯಾಕೆ’ ಎಂದು ಕೇಳುವ ಸಂದರ್ಭವೇ.

ಗಡಿನಾಡಿನ ಮಕ್ಕಳ ಕಥೆಗಳನ್ನು ದಾಖಲಿಸುವವರಿಗೆ ಇದರಿಂದ ಒಂದು ಪದ್ಧತಿಯ ಸೂಚನೆ ಸಿಗುತ್ತದೆ. ಹೇಳುವವರ ದನಿಯನ್ನಷ್ಟೇ ಶುದ್ಧವಾಗಿ ಹಿಡಿದು, ನಡುವೆ ಬಾಯಿಹಾಕುವ ಮಗುವಿನ ಮಾತನ್ನು ಅಡ್ಡಿಯೆಂದು ಕತ್ತರಿಸಿದರೆ ದಾಖಲೆಯೂ ಆ ವಿಡಿಯೋಗಳ ತಪ್ಪನ್ನೇ ಮಾಡಿದಂತೆ. ಸಿಗಡಿಯ ಕಥೆಯಲ್ಲಿ ಮಗು ಕೇಳುಗನಷ್ಟೇ ಅಲ್ಲ, ಪಠ್ಯದ ಅರ್ಧಭಾಗ.