ಕೃಷ್ಣೆಯ ಕೆಸರಂಚಿನ ಅತಿಥಿಗಳು

ಕಡಲು ಕಾಣದ ಚಿಕ್ಕೋಡಿ, ರಾಯಬಾಗ, ಕಾಗವಾಡಗಳ ಸೀಮೆಯಲ್ಲಿ ನೀರಹಕ್ಕಿಗಳನ್ನು ಅರಸುವವನಿಗೆ ಕೃಷ್ಣೆಯೇ ಕಡಲು. ಮಳೆಗಾಲದ ಮಹಾಪೂರವಿಳಿದು, ಕಬ್ಬಿನ ಹೊಲಕ್ಕೂ ಹರಿವಿಗೂ ನಡುವೆ ಕೆಸರಿನ ಪಟ್ಟಿಯೊಂದು ತೆರೆದುಕೊಳ್ಳುವ ಕಾರ್ತಿಕದ ವೇಳೆಗೆ, ಉತ್ತರದ ಶೀತಪ್ರದೇಶಗಳಲ್ಲಿ ಮರಿಮಾಡಿದ ಗದ್ದೆಗೊರವಗಳು ಕುಡಚಿ, ಉಗಾರಗಳ ದಂಡೆಯಲ್ಲಿ ಬಂದು ನೆಲೆನಿಂತಿರುತ್ತವೆ. ಒಂದನ್ನು ಮತ್ತೊಂದರಿಂದ ವಿಂಗಡಿಸಿ ಗುರುತಿಸುವುದು ತಾಳ್ಮೆಯ ವಿದ್ಯೆಯೇ ಸರಿ: ಕಾಲಿನ ವರ್ಣ, ಕೊಕ್ಕಿನ ನೀಳ, ಹಾರುವಾಗ ರೆಕ್ಕೆಯಲ್ಲಿ ಮಿಂಚಿ ಮರೆಯಾಗುವ ಬಿಳಿಗೆರೆ, ಇವನ್ನೆಲ್ಲ ಕ್ಷಣಾರ್ಧದಲ್ಲಿ ಗ್ರಹಿಸಬೇಕು. ಸಾಮಾನ್ಯ ಗದ್ದೆಗೊರವವಾದರೋ ಎಡೆಬಿಡದೆ ಬಾಲ ಕುಣಿಸುತ್ತ ತನ್ನ ಗುಟ್ಟನ್ನು ತಾನೇ ಬಿಟ್ಟುಕೊಡುತ್ತದೆ. ತೀರ ಅಪೂರ್ವವಾದುದನ್ನೇ ಬಯಸುವವರು 2024ರಲ್ಲಿ ರಾಮ್ಸರ್ ತಾಣವೆನಿಸಿದ ಅಘನಾಶಿನಿಯ ಅಳಿವೆಗೆ ಹೋಗಲಿ. ಗುಲಾಬಿ ಕಾಲುಗಳ ಮೇಲೆ ಗಾಂಭೀರ್ಯದಿಂದ ಹೆಜ್ಜೆಯಿಡುವ ಮೆಟ್ಟುಗಾಲು ಹಕ್ಕಿಯೇ ನನಗೆ ಸಾಕು. ದುಷ್ಟ ಟಿಟ್ಟಿಭವೊಂದು ಕೂಗೆಬ್ಬಿಸಿತೆಂದರೆ ಮಾತ್ರ ಇಡೀ ಹಿಂಡೇ ಎದ್ದು ಆಚೆ ದಡ ಸೇರುವುದು.